ಪಾಸ್‌ಪೋರ್ಟಿನ ಜಾಗದಲ್ಲಿ ಬಂಗುಡೆ

ಈ ಬರಹದಲ್ಲಿ ಅವರ ಹೆಸರಿಲ್ಲ. ನಮ್ಮ ಸಂಘದ ಸ್ಮರಣ ಸಂಚಿಕೆಯ ಸಂಪಾದಕರು ಫೋನ್ ಮಾಡಿ, ಹೆಸರಿಲ್ಲದ ವ್ಯಕ್ತಿಚಿತ್ರ ಎಂತದ್ದು ಅಕ್ಕ, ಒಂದು ಫೋಟೋ ಆದರೂ ಕೊಡಿ ಎಂದು ಗೋಗರೆದರು. ಕೊಡುವುದಿಲ್ಲ ಎಂದೆ. ಹಟ ನನ್ನದಲ್ಲ, ಅವರದ್ದೇ. ಕೆಲಸದಿಂದ ನಿವೃತ್ತರಾಗಿ ಊರಿಗೆ ಹೊರಡುವ ವಾರ ನಾನು ಅವರ ಮನೆಯಲ್ಲಿ ಪೆಟ್ಟಿಗೆ ಕಟ್ಟಲು ಕುಳಿತಿದ್ದೆ. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದು ಸುದ್ದಿ ತೆಗೆದದ್ದೇ ತಡ, ಟೇಪು ಹರಿಯುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಬರಿ ಮಾರಾಯ್ತಿ, ಎಷ್ಟು ಬೇಕಾದ್ರೂ ಬರಿ. ಹೆಸರು ಮಾತ್ರ ಹಾಕ್ಬೇಡ. ಸಂಚಿಕೆಯನ್ನು ನೀವು ಪಿಡಿಎಫ್ ಮಾಡಿ ನೆಟ್ಟಿಗೆ ಹಾಕ್ತೀರಿ. ನೆಟ್ಟಿಗೆ ಹೋದದ್ದು ತಿರುಗಿ ಮನೆಗೆ ಬರೂದಿಲ್ಲ."

ಸರಿ, ಹೆಸರು ಬೇಡ. ಹೇಗೂ ನಾನು ಅವರನ್ನು ಹೆಸರು ಹಿಡಿದು ಕರೆದವಳೇ ಅಲ್ಲ. ನಮ್ಮ ಕರಾವಳಿಯಲ್ಲಿ ನಾವು ತುಳುವರು ಕ್ರೈಸ್ತ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತೇವೆ. ಕುವೈತಿಗೆ ಬಂದ ಮೇಲೆ ಈ ಮರ್ಯಾದೆಯಿಂದ ನನಗೆ ಆದ ಫಜೀತಿ ಅಷ್ಟಿಷ್ಟಲ್ಲ. ಇಲ್ಲಿ ಟ್ಯಾಕ್ಸಿಯವನೂ ಭಾಯಿ, ತರಕಾರಿಯವನೂ ಭಾಯಿ, ಲಿಫ್ಟ್ ರಿಪೇರಿಗೆ ಬಂದವನೂ ಭಾಯಿ. ಒಮ್ಮೆ ಅಂಗಡಿಯಲ್ಲಿ ಅವರು ಸಾಲಿನ ಆ ತುದಿಯಲ್ಲಿ ಇದ್ದಾರೆಂದು "ಬಾಯಿ!" ಎಂದು ಕೂಗಿದೆ. ಅಂಗಡಿಯಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಬಾಯಿ ಮಾತ್ರ ತಿರುಗಲಿಲ್ಲ, ಮೊಸರಿನ ಡಬ್ಬಿಯ ತಾರೀಕು ಓದುತ್ತಿದ್ದರು.

ಮೈದಾನ್ ಹವಲ್ಲಿಯಲ್ಲಿ ನಮ್ಮದು ಒಂದೇ ಕಟ್ಟಡ. ಅವರು ಮೇಲೆ, ನಾನು ಕೆಳಗೆ. ನಾನು ಬ್ನೇದ್ ಅಲ್ ಗಾರ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು, ಸಂಜೆಗೆ ಊರಿನವರ ಸಂಘದ ಕಾರ್ಯದರ್ಶಿ. ಅವರು ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದರು. ಮಂಗಳೂರಿನ ಬಾಯಿ, ಕುವೈತಿನ ಆಸ್ಪತ್ರೆ ಎಂದ ಕೂಡಲೇ ಎಲ್ಲರೂ ನರ್ಸಾ ಎಂದು ಕೇಳುತ್ತಿದ್ದರು. ಹೌದು, ಕಂಪ್ಯೂಟರಿಗೆ ಜ್ವರ ಬಂದರೆ ನೋಡುವ ನರ್ಸ್ ಎನ್ನುತ್ತಿದ್ದರು ಅವರು. ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ತಲೆಯಾಡಿಸುತ್ತಿದ್ದರು.

ಅವರದ್ದೊಂದು ಅಭ್ಯಾಸ. ಬಾಗಿಲಿಗೆ ಬೀಗ ಹಾಕಿದ ಮೇಲೆ ಹಿಡಿಕೆಯನ್ನು ಹಿಡಿದು ಜಗ್ಗಿ ನೋಡಬೇಕು. ತಮ್ಮ ಮನೆಯದ್ದು ಬಿಡಿ, ನನ್ನ ಮನೆಯದ್ದೂ ಜಗ್ಗುತ್ತಿದ್ದರು. ಪಾರ್ಕಿಂಗಿನಲ್ಲಿ ನಡೆಯುವಾಗ ನಮ್ಮ ಕಟ್ಟಡದವರ ಕಾರಿನ ಬಾಗಿಲನ್ನು ಜಗ್ಗಲು ಕೈ ನೀಡಿ, ನಡುವೆಯೇ ಹಿಂದೆಗೆದು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಯಾಕೆ ನಿಲ್ಲಿಸಿದಿರಿ, ಜಗ್ಗಿ ನೋಡಿ ಎಂದು ನಾನು ಛೇಡಿಸುತ್ತಿದ್ದೆ. ಅದು ನಮ್ಮದಲ್ಲ ಮಗಾ ಎನ್ನುತ್ತಿದ್ದರು. ಈ ಮಾತು ನನಗೆ ಆಗ ಬರೀ ತಮಾಷೆಯಾಗಿ ಕಂಡಿತ್ತು.

ಮೀನಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ವಾರದ ರಜೆ ಶುಕ್ರವಾರ. ಅಂಥ ಒಂದು ಶುಕ್ರವಾರ ಅವರು ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ನಮ್ಮಲ್ಲಿ ಚಾ ಕುಡಿಯುತ್ತಿದ್ದರು. ನಾನು ಯಾವುದೋ ಪಾಸ್‌ವರ್ಡ್ ಮರೆತು ಫೋನಿನ ಜೊತೆ ಜಗಳ ಮಾಡುತ್ತಿದ್ದೆ. ನಿನಗೆ ಯಾವ ಮೀನು ಇಷ್ಟ ಎಂದು ಕೇಳಿದರು. ಎಂತ ಪ್ರಶ್ನೆ ಇದು ಎಂದುಕೊಂಡು ಕಾಣೆ ಮೀನು ಎಂದೆ. ಹಾಗಾದರೆ ಕಾಣೆ ಎಂದು ಬರೆದು ಹುಟ್ಟಿದ ವರ್ಷ ಹಾಕಿ ನೋಡು ಎಂದರು. ಫೋನು ತೆರೆದೇಬಿಟ್ಟಿತು! ನನಗೆ ಮೈಮೇಲೆ ಬಿಸಿನೀರು ಸುರಿದ ಹಾಗಾಯಿತು. ನಮ್ಮ ಕಡೆಯವರ ಪಾಸ್‌ವರ್ಡೆಲ್ಲ ಮೀನೇ ಅಂತೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಮ್ಮೂರಿನವರು ಪಾಸ್‌ವರ್ಡ್ ಮರೆತು ಇವರ ಹತ್ತಿರ ಬಂದಾಗ ಅವರೇ ಬಾಯಿಬಿಟ್ಟು ಹೇಳಿದ್ದು: ಅಂಜಲ್, ಬೂತಾಯಿ, ಮಾಂಜಿ, ಸಿಗಡಿ. ಮೀನು ತಿನ್ನದವರದ್ದು ಗುಳ್ಳ ಬದನೆ. ಪರದೇಶಕ್ಕೆ ಬಂದು ಊರಿನ ನೆನಪಾದಾಗ ನಾಲಗೆಗೆ ಬರುವುದು ಅದೇ ತಾನೇ. ದೂರದ ಕಳ್ಳನಿಗೆ ಬೂತಾಯಿ ಗೊತ್ತಿಲ್ಲ ಬಾಯಿ ಎಂದು ನಾನು ವಾದಿಸಿದೆ.

"ದೂರದ ಕಳ್ಳ ನಿನ್ನ ಮನೆಗೆ ಯಾಕೆ ಬರ್ತಾನೆ? ಬರುವವ ಹತ್ತಿರದವನೇ. ಕಾಣೆ ಅಂತ ಇಟ್ಟರೆ ಒಂದು ದಿನ ಎಲ್ಲ ಕಾಣೆ ಆಗ್ತದೆ ನೋಡು."

ಮತ್ತೆಂತ ಇಡಬೇಕು ಎಂದು ಕೇಳಿದ್ದಕ್ಕೆ, ನಿನ್ನ ಅಜ್ಜಿ ನಿನ್ನನ್ನು ಬೈಯುತ್ತಿದ್ದ ಬೈಗುಳ ನೆನಪುಂಟಾ, ಅದನ್ನು ಪೂರ್ತಿ ಇಡು ಎಂದರು. ಅದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ನೀನೂ ಸಾಯುವವರೆಗೆ ಮರೆಯುವುದಿಲ್ಲ. ನಮ್ಮಜ್ಜಿಯ ಬಾಯಿ ಎಂದರೆ ಸುತ್ತಲಿನ ಮನೆಯವರಿಗೆಲ್ಲ ಗೊತ್ತಿತ್ತು. ಅಂದಿನಿಂದ ನಾನು ಬೆಳಿಗ್ಗೆ ಆಫೀಸಿನ ಕಂಪ್ಯೂಟರ್ ತೆರೆಯುವಾಗಲೆಲ್ಲ ಅಜ್ಜಿಯಿಂದ ಬೈಸಿಕೊಂಡೇ ಕೆಲಸ ಶುರುಮಾಡುತ್ತೇನೆ. ಮನಸ್ಸಿಗೆ ಹಿತವಾಗಿರುತ್ತದೆ.

ಅವರ ಅಡುಗೆಮನೆಯ ಫ್ರಿಜ್ಜಿನ ಮೇಲೆ, ಜಪಮಾಲೆ ಹಾಕಿದ ಮಾತೆಯ ಪುಟ್ಟ ಮೂರ್ತಿಯ ಪಕ್ಕದಲ್ಲಿ, ಪರದೆ ಒಡೆದ ಒಂದು ಹಳೆಯ ಲ್ಯಾಪ್‌ಟಾಪ್ ಇರುತ್ತಿತ್ತು. ಅದು ಅವರ ಸ್ವಂತ ಸರ್ವರ್. ಅಂದರೆ, ನೆಟ್ಟಿನಲ್ಲಿ ಅವರದ್ದೇ ಒಂದು ಪುಟ್ಟ ಮನೆ. ಲೋಕದ ಯಾರು ಬೇಕಾದರೂ ಬಂದು ಬಾಗಿಲು ತಟ್ಟಬಹುದು. ಯಾರು ಯಾರು ತಟ್ಟಿದರು ಎನ್ನುವುದನ್ನು ಅದು ಬರೆದಿಡುತ್ತಿತ್ತು. ರಜೆಯ ಬೆಳಿಗ್ಗೆ ದೋಸೆ ಹುಯ್ಯುತ್ತಲೇ ಅವರು ಅದನ್ನು ಪೇಪರಿನ ಹಾಗೆ ಓದುತ್ತಿದ್ದರು. ಎಲ್ಲೆಲ್ಲಿನ ದೇಶಗಳಿಂದಲೋ ಬಂದು ಬೀಗಕ್ಕೆ ಕೈ ಹಾಕಿದವರ ಸಾಲು ಸಾಲು. ನನಗೆ ಗಾಬರಿ. ಇಷ್ಟು ಜನಕ್ಕೆ ನಿಮ್ಮ ಮೇಲೆ ಎಂತ ದ್ವೇಷ ಬಾಯಿ ಎಂದೆ. ಅವರು ನಕ್ಕರು. ಇವು ಮನುಷ್ಯರೇ ಅಲ್ಲ, ಓಣಿಯಲ್ಲಿ ಹೋಗುವಾಗ ಎಲ್ಲ ಮನೆಯ ಗೇಟನ್ನೂ ಮೂತಿಯಿಂದ ತಳ್ಳಿ ನೋಡುವ ದನ ಇರುತ್ತದಲ್ಲ, ಆ ಜಾತಿ. ಚಿಲಕ ಹಾಕಿದ್ದರೆ ಮುಂದಿನ ಮನೆಗೆ ಹೋಗುತ್ತದೆ ಎಂದರು. ಅವಕ್ಕೆಂದೇ ಅವರು 'ಗುಟ್ಟು' ಎಂಬ ಹೆಸರಿನ ಒಂದು ಸುಳ್ಳು ಕಪಾಟನ್ನೂ ಇಟ್ಟಿದ್ದರು. ಕಷ್ಟಪಟ್ಟು ಅದನ್ನು ಒಡೆದವನಿಗೆ ಸಿಗುತ್ತಿದ್ದದ್ದು ಅವರ ಅಮ್ಮನ ಮೀನುಗಸಿ ಮಾಡುವ ಕ್ರಮ. ಕದಿಯಲು ಬಂದವ ಅಡುಗೆಯಾದರೂ ಕಲಿಯಲಿ ಎನ್ನುತ್ತಿದ್ದರು.

ಅದೇ ಪುಟ್ಟ ಮನೆಯ ಮಾಡಿನಿಂದಲೇ ಅವರು ಲೋಕಕ್ಕೆ ಬಲೆ ಬೀಸುತ್ತಿದ್ದರು. ಶುಕ್ರವಾರ ಬೆಳಿಗ್ಗೆ "ಇವತ್ತಿನ ಬಲೆಗೆ ಬಿದ್ದದ್ದು" ಎಂದು ನನಗೊಂದು ಲಿಂಕ್ ಬರುತ್ತಿತ್ತು. ಯಾವುದೋ ಚಳಿದೇಶದ ಮುದುಕನೊಬ್ಬ ತನ್ನ ಮನೆಯೆದುರಿನ ಕೊಳದ ಬಣ್ಣ ಇವತ್ತು ಏನು ಎಂದು ಪ್ರತಿದಿನ ಬರೆಯುವ ಪುಟ. ಬೇರೆ ಬೇರೆ ಹಡಗುಗಳ ಕೂಗನ್ನು ಮಾತ್ರ ಕೂಡಿಟ್ಟ ಇನ್ನೊಂದು. ಒಂದು ದೊಡ್ಡ ಕಂಪೆನಿಯ ಪುಟದ ಹಿಂಬದಿಯ ಬರಹದಲ್ಲಿ ಯಾರೋ ಕೆಲಸಗಾರ ಬಚ್ಚಿಟ್ಟಿದ್ದ ಬೆಕ್ಕಿನ ಚಿತ್ರ. ಒಮ್ಮೆ ನಮ್ಮ ಕಡೆಯ ಹಳೆಯ ಅಡುಗೆ ಪಾತ್ರೆಗಳ ಹೆಸರುಗಳನ್ನು ಕನ್ನಡದಲ್ಲಿ ವಿವರಿಸಿದ ಒಂದು ಪುಟ ಬಲೆಗೆ ಬಿತ್ತು. ಯಾರೂ ನೋಡಿಕೊಳ್ಳದೆ ಪಾಳುಬಿದ್ದು, ಕೆಟ್ಟ ಜಾಹೀರಾತು ಹಾಕುವ ಕಳ್ಳರು ಅದರೊಳಗೆ ಬಿಡಾರ ಹೂಡಿದ್ದರು. ಬಾಯಿ ಅದರ ಯಜಮಾನರಿಗೆ ಪತ್ರ ಬರೆದರು, ನಿಮ್ಮ ಮನೆಗೆ ಕಳ್ಳರು ಹೊಕ್ಕಿದ್ದಾರೆ ಎಂದು. ಬಹಳ ದಿನದ ಮೇಲೆ ಉತ್ತರ ಬಂತು, ಅವರ ಹೆಂಡತಿಯಿಂದ. ಬರೆದವರು ತೀರಿಕೊಂಡಿದ್ದರು, ಆ ಪುಟ ಇನ್ನೂ ಇದೆಯೆಂದೇ ಮನೆಯವರಿಗೆ ಗೊತ್ತಿರಲಿಲ್ಲ. ಆ ಹೆಂಗಸಿನ ಒಪ್ಪಿಗೆ ಪಡೆದು ಬಾಯಿ ಅದನ್ನು ಗುಡಿಸಿ, ಒರೆಸಿ, ತಮ್ಮ ಫ್ರಿಜ್ಜಿನ ಮೇಲಿನ ಮನೆಯಲ್ಲಿ ಇರಿಸಿಕೊಂಡರು. ಈಗಲೂ ಅದು ಅಲ್ಲೇ ಇದೆ, ಫ್ರಿಜ್ಜು ಮಾತ್ರ ಮಂಗಳೂರಿನದ್ದು.

ಇನ್ನು ಆ ದಿನದ ಕಥೆ. ಅದನ್ನು ಹೇಳದೆ ಅವರನ್ನು ಹೇಳಿದ ಹಾಗಾಗುವುದಿಲ್ಲ.

ಕೊರೋನಾ ಕಾಲದಲ್ಲಿ ಊರಿಗೆ ಹೋಗಲು ದಾರಿಯಿಲ್ಲದೆ ನಮ್ಮವರು ಒದ್ದಾಡುತ್ತಿದ್ದಾಗ ಸಂಘ ಒಂದು ವೆಬ್‌ಸೈಟ್ ಮಾಡಿತು. ಪಾಸ್‌ಪೋರ್ಟು, ಸಿವಿಲ್ ಐಡಿ, ಕಾಯಿಲೆಯವರ ಡಾಕ್ಟರ್ ಚೀಟಿ ಎಲ್ಲ ಅದರಲ್ಲಿ ಹಾಕಿದರೆ ಸಂಘದವರು ವಿಮಾನದ ಪಟ್ಟಿಗೆ ಸೇರಿಸುತ್ತಿದ್ದರು. ಅದರಿಂದ ಎಷ್ಟೋ ಬಸುರಿಯರು, ಮುದುಕರು ಮನೆ ಸೇರಿದ್ದಾರೆ. ಸೈಟು ಕಟ್ಟಿಕೊಟ್ಟವನು ನಮ್ಮ ಅಧ್ಯಕ್ಷರ ಅಕ್ಕನ ಮಗ, ಮಂಗಳೂರಿನಲ್ಲಿರುವ ಹುಡುಗ. ನಮ್ಮಲ್ಲಿ ಅಳಿಯನೆಂದರೆ ಮಗನಿಗಿಂತ ಒಂದು ತೂಕ ಹೆಚ್ಚು. ಅಧ್ಯಕ್ಷರು ಯಾವ ಭಾಷಣದಲ್ಲೂ ಅಳಿಯನ ಸೈಟನ್ನು ಹೊಗಳದೆ ಕುಳಿತವರಲ್ಲ. ಕೊರೋನಾ ಮುಗಿಯಿತು. ಸೈಟು ಉಳಿಯಿತು, ಅದರೊಳಗೆ ನಮ್ಮೆಲ್ಲರ ಕಾಗದಪತ್ರವೂ ಉಳಿಯಿತು.

ಬಾಯಿ ತಮ್ಮ ಸದಸ್ಯತ್ವ ಹೊಸದು ಮಾಡಲು ಪಾಸ್‌ಪೋರ್ಟಿನ ಪ್ರತಿ ಹಾಕಿದರು. ಹಾಕಿದ ಮೇಲೆ ಜಗ್ಗಿ ನೋಡಬೇಕಲ್ಲ, ಅಭ್ಯಾಸ. ಲಾಗಿನ್ ಮಾಡದ ಬೇರೊಂದು ಫೋನಿನಲ್ಲಿ ಆ ಫೈಲಿನ ವಿಳಾಸ ಬರೆದರು. ಅವರ ಪಾಸ್‌ಪೋರ್ಟು ಹಲ್ಲುಕಿಸಿದುಕೊಂಡು ಎದುರಿಗೆ ಬಂತು. ವಿಳಾಸದ ಬಾಲ ಕತ್ತರಿಸಿ ಫೋಲ್ಡರಿನ ಹೆಸರು ಮಾತ್ರ ಉಳಿಸಿದರು. ಎಲ್ಲರ ಫೈಲುಗಳ ಪಟ್ಟಿ ತೆರೆಯಿತು. ತಕ್ಷಣ ಮುಚ್ಚಿದರು. ನನಗೆ ವಿವರಿಸಿದ್ದು ಹೀಗೆ: ಊರಿನ ಮನೆಗಳಲ್ಲಿ ಎದುರಿನ ಬಾಗಿಲಿಗೆ ಹಿತ್ತಾಳೆಯ ದೊಡ್ಡ ಬೀಗ, ಮೀನು ತೊಳೆಯುವ ಹಿಂಬಾಗಿಲು ಹಾರು ಹೊಡೆದಿರುತ್ತದೆ. ನಮ್ಮ ಸೈಟೂ ಅದೇ.

ಅಧ್ಯಕ್ಷರಿಗೆ ಗುಟ್ಟಾಗಿ ಫೋನ್ ಮಾಡಿ ಹೇಳಿದರು. ನೋಡುವ ಎಂದರು ಅಧ್ಯಕ್ಷರು. ಮತ್ತೆ ಹೇಳಿದರು. ಅಳಿಯ ಕೆಲಸದಲ್ಲಿದ್ದಾನೆ, ಬಿಡುವಾದಾಗ ನೋಡುತ್ತಾನೆ. ಮತ್ತೂ ಹೇಳಿದಾಗ, ಮೇಲೆ ಬೀಗದ ಚಿತ್ರ ಬರುತ್ತದಲ್ಲ, ಇನ್ನೆಂತ ಬೇಕು ನಿಮಗೆ ಎಂದು ಸಿಡುಕಿದರು. ಬಾಯಿ ಇನ್ನು ಕಾಯಲು ಆಗುವುದಿಲ್ಲ ಎಂದು, ಮುಂದಿನ ಕಮಿಟಿ ಮೀಟಿಂಗಿನಲ್ಲಿ ವಿಷಯ ಎತ್ತುತ್ತೇನೆ ಎಂದು ನನಗೆ ತಿಳಿಸಿದರು. ನಾನು ಬೇಡವೆಂದೆ. ನನಗೆ ಹೆದರಿಕೆಯಿತ್ತು, ಸುಳ್ಳು ಯಾಕೆ ಹೇಳಲಿ. ಈ ದೇಶದಲ್ಲಿ ಬೇರೆಯವರ ಸೈಟು ಜಗ್ಗಿ ನೋಡುವುದಕ್ಕೆ ಕಾನೂನು ಬಿಗಿ. ಒಂದು ಕಂಪ್ಲೇಂಟ್ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಖಲಾಸ್. ಬಾಯಿಯ ಗಂಡ ತೀರಿಕೊಂಡ ಮೇಲೆ ಅವರ ಮಗಳ ಇಕಾಮಾ ನಿಂತಿದ್ದದ್ದೂ ಇವರ ಇಕಾಮಾದ ಮೇಲೆ. ಮಗಳು ಹನ್ನೆರಡನೆಯ ಕ್ಲಾಸಿನಲ್ಲಿದ್ದಳು, ಪರೀಕ್ಷೆ ಹತ್ತಿರವಿತ್ತು. ತಾಯಿ ಹೋದರೆ ಮಗಳೂ ಗಂಟುಮೂಟೆ ಕಟ್ಟಬೇಕು. ಇದೆಲ್ಲ ಬಾಯಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮೀಟಿಂಗು ಹವಲ್ಲಿಯ ಒಂದು ಹೋಟೆಲಿನ ಮೇಲಿನ ಹಾಲಿನಲ್ಲಿ. ಕೆಳಗಿನಿಂದ ಕೋಳಿಸುಕ್ಕದ ಪರಿಮಳ ಬರುತ್ತಿತ್ತು, ಎಲ್ಲರಿಗೂ ಬೇಗ ಮುಗಿದರೆ ಸಾಕಿತ್ತು. ಬಾಯಿ ಎದ್ದು ನಿಂತು, ನಾಲ್ಕೇ ಮಾತಿನಲ್ಲಿ ವಿಷಯ ಹೇಳಿದರು. ಅಳಿಯನ ಹೆಸರು ಎತ್ತಲಿಲ್ಲ. ಅಧ್ಯಕ್ಷರ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ, ಸಂಘಕ್ಕಾಗಿ ಮನೆ ಮಠ ಮರೆತು ಓಡಾಡಿದವರು. ಆದರೆ ಎಲ್ಲರೆದುರು ಅಳಿಯನಿಗೆ ಕುಂದು ಬಂದರೆ ತಡೆದುಕೊಳ್ಳುವ ಜೀವವಲ್ಲ.

"ಇದಕ್ಕೆ ಹ್ಯಾಕಿಂಗ್ ಅಂತ ಹೇಳೂದು ಬಾಯಿ. ಬೇರೆಯವರ ಸೈಟಿಗೆ ಕೈ ಹಾಕಿ ಇಲ್ಲಿ ಬಂದು ದೊಡ್ಡ ಮಾತು ಆಡ್ತೀರಾ? ನಿಮ್ಮ ಆಸ್ಪತ್ರೆಯವರಿಗೆ ಒಂದು ಫೋನ್ ಮಾಡಿದ್ರೆ ಎಂತ ಆಗ್ತದೆ ಗೊತ್ತುಂಟಲ್ಲ? ನಾನು ಕಂಪ್ಲೇಂಟ್ ಕೊಡ್ತೇನೆ."

ಬಾಯಿ ನನ್ನ ಪಕ್ಕದಲ್ಲೇ ನಿಂತಿದ್ದರು. ಮೇಜಿನ ಮರೆಯಲ್ಲಿ ಅವರ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು ಆ ಕೈ. ಎದುರಿಗೆ ಕೂತವರಿಗೆ ಇದು ಕಾಣುವಂತಿರಲಿಲ್ಲ. ಅವರಿಗೆ ಕಂಡದ್ದು ಮುಖ ಮಾತ್ರ.

"ಕೊಡಿ ಅಧ್ಯಕ್ಷರೇ. ಕಂಪ್ಲೇಂಟ್ ಕೊಡಿ, ನಾನು ಬೇಡ ಹೇಳೂದಿಲ್ಲ. ಆದ್ರೆ ಮೊದಲು ಬಾಗಿಲು ಹಾಕಿ. ಬಾಗಿಲು ಹಾಕಿ ಆಮೇಲೆ ಕೊಡಿ."

ನಾನು ಈ ದೇಶಕ್ಕೆ ಬಂದು ಎಷ್ಟೋ ಭಾಷಣ ಕೇಳಿದ್ದೇನೆ. ಇದಕ್ಕಿಂತ ದೊಡ್ಡ ಮಾತು ಯಾರ ಬಾಯಿಂದಲೂ ಕೇಳಿಲ್ಲ. ಇವತ್ತಿಗೂ ನೆನೆದರೆ ನನ್ನ ಎದೆ ಉಬ್ಬುತ್ತದೆ. ಆಡಿದ್ದು ಅವರು, ಉಬ್ಬುವುದು ನನ್ನ ಎದೆ, ಇರಲಿ.

ಸದಸ್ಯರೊಬ್ಬರು, ಹಾಗಿದ್ದರೆ ಯಾರದ್ದಾದರೂ ಪಾಸ್‌ಪೋರ್ಟ್ ತೆರೆದು ತೋರಿಸಿ, ಆಗ ನಂಬುತ್ತೇವೆ ಎಂದರು. ಅದು ನಿಜಕ್ಕೂ ಸುಲಭದ ದಾರಿಯಾಗಿತ್ತು. ಅಧ್ಯಕ್ಷರದ್ದನ್ನೇ ತೆರೆದು ಗೋಡೆಯ ಮೇಲೆ ತೋರಿಸಬಹುದಿತ್ತು. ಬಾಯಿ ತಲೆ ಅಲ್ಲಾಡಿಸಿದರು. ಬೇರೆಯವರದ್ದು ತೆರೆದರೆ ಆಗ ನಾನು ಕಳ್ಳಿಯೇ, ಅಧ್ಯಕ್ಷರು ಹೇಳಿದ್ದು ಸರಿಯಾಗುತ್ತದೆ ಎಂದರು. ಆಮೇಲೆ, ನಿಮ್ಮದೇ ಫೋನ್ ತೆಗೆಯಿರಿ, ಲಾಗಿನ್ ಮಾಡಬೇಡಿ, ನಾನು ಹೇಳುವ ವಿಳಾಸ ಮಾತ್ರ ಬರೆಯಿರಿ, ಅದು ನನ್ನ ಪಾಸ್‌ಪೋರ್ಟಿನ ಫೈಲು, ನನ್ನದನ್ನು ನೋಡಲು ನಿಮಗೆ ನನ್ನ ಒಪ್ಪಿಗೆ ಉಂಟು ಎಂದು ಅಧ್ಯಕ್ಷರಿಗೆ ಹೇಳಿದರು. ಒಂದೊಂದೇ ಅಕ್ಷರ ಹೇಳುತ್ತಾ ಹೋದರು, ಅಧ್ಯಕ್ಷರು ದಪ್ಪ ಬೆರಳಿನಲ್ಲಿ ಒತ್ತುತ್ತಾ ಹೋದರು.

ಅಧ್ಯಕ್ಷರು ಫೋನನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು.

"ಇದೆಂತ ಇದು? ಬಂಗುಡೆ?"

"ಹೌದು. ನನ್ನ ಪಾಸ್‌ಪೋರ್ಟು."

ಹಿಂಬಾಗಿಲು ತೆರೆದಿದೆ ಎಂದು ತಿಳಿದ ದಿನವೇ ಬಾಯಿ ತಮ್ಮ ಪಾಸ್‌ಪೋರ್ಟನ್ನು ಅಳಿಸಿ, ಅದರ ಜಾಗದಲ್ಲಿ ತಮ್ಮ ಅಡುಗೆಮನೆಯ ಬಂಗುಡೆ ಮೀನಿನ ಫೋಟೋ ಹಾಕಿಟ್ಟಿದ್ದರು. ಗೀರು ಹಾಕಿ, ಮಸಾಲೆ ಹಚ್ಚಿ, ತಟ್ಟೆಯಲ್ಲಿ ಮಲಗಿಸಿದ ಬಂಗುಡೆ. ಕಳ್ಳ ನೋಡಿದರೂ ನಷ್ಟವಿಲ್ಲ, ಬಾಗಿಲು ತೆರೆದಿದೆ ಎಂಬುದಕ್ಕೆ ಸಾಕ್ಷಿಯೂ ಆಯಿತು. ಫೋನು ಕೈಯಿಂದ ಕೈಗೆ ಹೋಯಿತು. ಮೂಲೆಯಲ್ಲಿದ್ದ ಹಿರಿಯರೊಬ್ಬರು ಮೊದಲು ನಕ್ಕರು, ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಅಧ್ಯಕ್ಷರು ಮಾತ್ರ ನಗಲಿಲ್ಲ. ಹಾಗಾದರೆ ನನ್ನದೂ ಹೀಗೇ ಕಾಣುತ್ತದಾ ಎಂದು ಸಣ್ಣ ದನಿಯಲ್ಲಿ ಕೇಳಿದರು. ಕಾಣುತ್ತದೆ, ನಾನು ನೋಡಿಲ್ಲ, ಬೇರೆ ಯಾರು ನೋಡಿದ್ದಾರೆ ಎಂದು ನನಗೆ ಗೊತ್ತಿಲ್ಲ ಎಂದರು ಬಾಯಿ. ಆಗ ನಗು ನಿಂತಿತು.

ಅಲ್ಲಿಂದಲೇ ಅಳಿಯನಿಗೆ ಫೋನ್ ಹೋಯಿತು, ಸ್ಪೀಕರಿನಲ್ಲಿ. ಅವನು ವಿಳಾಸ ಕೇಳಿಕೊಂಡು ತೆರೆದು ನೋಡಿದ. ಮಾವ, ಅವರು ಹೇಳುವುದು ಸರಿ ಉಂಟು ಎಂದ. ಆಗ ಅರ್ಜೆಂಟಿನಲ್ಲಿ ಮಾಡಿದ್ದು, ನಾನು ಎಂದು ಶುರುಮಾಡಿದವನ ದನಿ ನಡುಗಿತು. ಅಷ್ಟರಲ್ಲಿ ಬಾಯಿ ಕೈ ಚಾಚಿ ಫೋನ್ ತೆಗೆದುಕೊಂಡರು. ಮೊದಲು ಮಾಡಿದ ಕೆಲಸ, ಸ್ಪೀಕರ್ ಬಂದ್ ಮಾಡಿದ್ದು. ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಹಾಕಿ, ಅವನ ಜೊತೆ ಮೆಲ್ಲಗೆ ಮಾತಾಡಿದರು. ಹುಡುಗನ ತಪ್ಪನ್ನು ನಾವು ಯಾರೂ ಕೇಳಬಾರದೆಂದು. ತನಗೆ ಬೆದರಿಕೆ ಹಾಕಿದವರ ಅಳಿಯ ಅವನು! ನಾನಾಗಿದ್ದರೆ ಸ್ಪೀಕರಿನ ದನಿ ಇನ್ನೂ ಏರಿಸುತ್ತಿದ್ದೆ. ತಿರುಗಿ ಬಂದಾಗ ಸೈಟು ಬಂದ್ ಆಗಿತ್ತು. ಇನ್ನು ಊಟ ಮಾಡುವ ಎಂದರು. ಆ ದಿನ ಅವರ ತಟ್ಟೆಯ ಅನ್ನ ಹಾಗೇ ಉಳಿದದ್ದನ್ನು ನಾನೊಬ್ಬಳೇ ನೋಡಿದ್ದು.

ಅಧ್ಯಕ್ಷರು ಕಂಪ್ಲೇಂಟ್ ಕೊಡುತ್ತೇನೆ ಎಂದದ್ದನ್ನು ಹಿಂದೆಗೆಯಲಿಲ್ಲ. ಕ್ಷಮೆಯೂ ಕೇಳಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಬಾಯಿ ಒಂದು ಗಳಿಗೆ ಅದನ್ನೇ ನೋಡಿ, ಶಿಲುಬೆಯ ಗುರುತು ಮಾಡಿ, ಆಮೇಲೆ ಎತ್ತುತ್ತಿದ್ದರು. ಮಗಳಿಗೆ ಒಂದು ಮಾತೂ ಹೇಳಿರಲಿಲ್ಲ. ಆದರೆ ಮಕ್ಕಳಿಗೆ ಗೊತ್ತಾಗದೆ ಇರುತ್ತದೆಯೇ. ಅಮ್ಮ ಯಾಕೆ ಮನೆಯ ಬಾಗಿಲನ್ನು ಮತ್ತೆ ಮತ್ತೆ ಜಗ್ಗುತ್ತಾರೆ ಎಂದು ಅವಳು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದಳು. ನಾನು ಕನ್ನಡದಲ್ಲಿ ಏನೋ ಹಾರಿಸಿದೆ. ಮಗಳ ಪರೀಕ್ಷೆ ಮುಗಿಯಿತು. ಇಕಾಮಾ ರಿನ್ಯೂ ಆದ ಸುದ್ದಿ ಬಂದ ಸಂಜೆ ಬಾಯಿ ನಮ್ಮ ಮನೆಗೆ ಇಳಿದು ಬಂದು ನನ್ನ ಅಡುಗೆಮನೆಯ ಸ್ಟೂಲಿನಲ್ಲಿ ಕೂತು ಅತ್ತರು. ನಾನೂ ಅತ್ತೆ. ಆಮೇಲೆ ಇಬ್ಬರೂ ಚಾ ಕುಡಿದೆವು.

ಅದಾದ ಮೇಲೆ ಅಧ್ಯಕ್ಷರೇ ಸೈಟನ್ನು ಬಾಯಿಯ ಕೈಗೆ ಒಪ್ಪಿಸಿದರು. ನೀವೇ ನೋಡಿಕೊಳ್ಳಿ ಎಂದು ನನ್ನ ಮೂಲಕ ಹೇಳಿಸಿದರು, ನೇರ ಹೇಳುವಷ್ಟು ಬಾಯಿ ಇರಲಿಲ್ಲ. ಬಾಯಿ, ಅಳಿಯ ಇಬ್ಬರೂ ಸೇರಿ ಅದನ್ನು ಬುಡದಿಂದ ಕಟ್ಟಿದರು. ಹಾಕಬಾರದ ವಿಳಾಸ ಹಾಕಿದವರಿಗೆ ಇಂಗ್ಲಿಷಿನಲ್ಲಿ ಗದರುವ ಒಂದು ಪುಟ ಬರುತ್ತದಲ್ಲ, ಅದನ್ನು ತೆಗೆದು ಬಾಯಿ ಕನ್ನಡದಲ್ಲಿ ಬರೆದರು: "ಈ ಬಾಗಿಲು ಹಾಕಿದೆ. ಎದುರಿನಿಂದ ಬನ್ನಿ, ಚಾ ಇಟ್ಟಿದ್ದೇವೆ." ಸಂಘದ ಘನತೆಗೆ ಇದು ಸರಿಯಲ್ಲ ಎಂದು ನಾನು ತಗಾದೆ ತೆಗೆದೆ. ಬಂದವರೆಲ್ಲ ಕಳ್ಳರಲ್ಲ, ದಾರಿ ತಪ್ಪಿದವರೂ ಇರುತ್ತಾರೆ ಎಂದರು. ಇಟ್ಟದ್ದು ಹಾಗೇ ಉಳಿಯಿತು.

ಬೀಳ್ಕೊಡುಗೆಯ ದಿನ ಅದೇ ಹೋಟೆಲು, ಅದೇ ಮೇಲಿನ ಹಾಲ್. ಅಧ್ಯಕ್ಷರು ಈಗ ಮಾಜಿ, ಸ್ವಲ್ಪ ಬಾಗಿದ್ದಾರೆ. ಭಾಷಣ ಮಾಡಿ ಎಂದು ಕರೆದರೆ ಮೈಕಿನ ಹತ್ತಿರ ಹೋಗಲಿಲ್ಲ. ಒಂದು ಸ್ಟೀಲಿನ ಡಬ್ಬಿ ತಂದು ಬಾಯಿಯ ಎದುರಿಗಿಟ್ಟು ಮುಚ್ಚಳ ತೆಗೆದರು. ಒಳಗೆ ಕಾಯಿಸಿದ ಬಂಗುಡೆ. ಅವರೇ ಕಾಯಿಸಿದ್ದಂತೆ, ಒಂದು ಬದಿ ಕರಟಿತ್ತು, ಸುಳ್ಳಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ಇದು ನನ್ನ ಪಾಸ್‌ಪೋರ್ಟು, ಬಾಯಿ," ಎಂದರು.

ಅಷ್ಟೇ ಹೇಳಿದ್ದು. ಕಣ್ಣು ಒದ್ದೆಯಾಗಿತ್ತು. ಬಾಯಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ನಿಧಾನ ಅಗಿದರು. ಉಪ್ಪು ಕಡಿಮೆ ಆಯಿತು ಅಧ್ಯಕ್ಷರೇ ಎಂದರು. ಅಧ್ಯಕ್ಷರು ಇಷ್ಟು ವರ್ಷಕ್ಕೆ ಮೊದಲ ಸಲ ಆ ಬಂಗುಡೆಯ ವಿಷಯಕ್ಕೆ ನಕ್ಕರು.

ಈಗ ಸಂಘದ ಸೈಟಿನ ಕೀಲಿಕೈ ನನ್ನ ಹತ್ತಿರ ಇದೆ. ನನಗೆ ಬರುವುದು ಅವರು ಕಲಿಸಿದಷ್ಟೇ, ಉಳಿದದ್ದಕ್ಕೆ ಮಂಗಳೂರಿಗೆ ಫೋನ್. ಬೀಗ ಹಾಕಿ ಜಗ್ಗಿ ನೋಡುವುದನ್ನು ಮಾತ್ರ ಯಾರೂ ನೆನಪಿಸಬೇಕಾಗಿಲ್ಲ.

ಕಳೆದ ವಾರ ಸದಸ್ಯತ್ವದ ಕೆಲಸಕ್ಕೆ ಮಹಬೂಲಾಕ್ಕೆ ಹೋಗಿದ್ದೆ. ಕುಂದಾಪುರದ ಕಡೆಯ ಒಬ್ಬಳು ಹುಡುಗಿ, ಬ್ಯೂಟಿ ಪಾರ್ಲರಿನಲ್ಲಿ ಕೆಲಸ, ಬಂದು ಕೆಲವೇ ತಿಂಗಳಾಗಿದೆ. ಸಂಘದ ಸೈಟಿನಲ್ಲಿ ಪಾಸ್‌ಪೋರ್ಟ್ ಹಾಕಮ್ಮ ಎಂದೆ. ಅವಳು ಫೋನ್ ಕೈಗೆತ್ತಿಕೊಂಡು ನನ್ನನ್ನು ಅನುಮಾನದಿಂದ ನೋಡಿದಳು.

"ಅಕ್ಕ, ಬೇಜಾರ್ ಮಾಡ್ಕಣ್ಬೇಡಿ. ಮೊದ್ಲ್ ಒಂದ್ ಬಂಗ್ಡಿ ಹಾಕಿ ಕಾಂತೆ."

ಹಾಗೆಂದರೆ ಏನು, ಯಾರು ಹೇಳಿಕೊಟ್ಟದ್ದು ಎಂದು ಕೇಳಿದೆ. ಎಲ್ಲಿ ಕಾಗದ ಹಾಕುವುದಿದ್ದರೂ ಮೊದಲು ಸುಮ್ಮನೆ ಯಾವುದಾದರೂ ಚಿತ್ರ ಹಾಕಿ, ಬೇರೆ ಫೋನಿನಿಂದ ತೆರೆಯುತ್ತದಾ ಎಂದು ನೋಡಬೇಕಂತೆ. ಅದಕ್ಕೆ ಬಂಗ್ಡಿ, ಅಂದರೆ ನಮ್ಮ ಬಂಗುಡೆ, ಹಾಕುವುದು ಎನ್ನುತ್ತಾರಂತೆ.

"ಯಾರ್ ಹೇಳದ್ದ್ ಅಂದೇಳಿ ಗೊತ್ತಿಲ್ಲೆ ಅಕ್ಕ. ಇಲ್ಲಿಪ್ಪು ನಮ್ ಬದಿಯರೆಲ್ಲ ಹಾಂಗೇ ಹೇಳುದ್."

ಹೆಸರು ನಾಲಗೆಯ ತುದಿಗೆ ಬಂದಿತ್ತು. ಊರು, ಮನೆತನ, ಆ ದಿನ ಮೀಟಿಂಗಿನಲ್ಲಿ ಆಡಿದ ಮಾತು, ಮಣಿಕಟ್ಟು ಹಿಡಿದ ಆ ತಣ್ಣನೆಯ ಕೈ, ಎಲ್ಲವನ್ನೂ ಅವಳಿಗೆ ಹೇಳಬೇಕೆನಿಸಿತು. ಕಷ್ಟಪಟ್ಟು ನುಂಗಿದೆ. ಹಾಕಿ ನೋಡು ಮಗಾ, ನೋಡಲೇಬೇಕು ಎಂದೆ. ಅವಳು ತನ್ನ ಫೋನಿನಿಂದ ಒಂದು ಚಿತ್ರ ಹಾಕಿದಳು. ಆಮೇಲೆ ನನ್ನ ಫೋನ್ ಇಸಿದುಕೊಂಡು, ಲಾಗಿನ್ ಮಾಡದೆ, ಆ ವಿಳಾಸವನ್ನು ಒಂದೊಂದೇ ಅಕ್ಷರ ಒತ್ತಿದಳು. ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದಿದಳು: "ಈ ಬಾಗಿಲು ಹಾಕಿದೆ. ಎದುರಿನಿಂದ ಬನ್ನಿ, ಚಾ ಇಟ್ಟಿದ್ದೇವೆ." ಓದಿ ನಕ್ಕಳು. ಆಮೇಲೆ ಬ್ಯಾಗಿನಿಂದ ತನ್ನ ಪಾಸ್‌ಪೋರ್ಟ್ ತೆಗೆದಳು.